ಎ2 ಹಾಳೆಯ ಮೇಲೆ ಮುಂಡಾಸಿನ ಕೆಂಪು

ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನ್ನ ಇನ್ನೊಂದು ಕೆಲಸ ಶುರುವಾಗುತ್ತದೆ. ನವೆಂಬರ್‌ನಿಂದ ಮೇ ತನಕ ನಿದ್ದೆಗೆಟ್ಟು ತೆಗೆದ ಯಕ್ಷಗಾನದ ಫೋಟೋಗಳಲ್ಲಿ ಹತ್ತು ಹದಿನೈದನ್ನು ಆಯ್ದು, ಮಳೆಗಾಲದಲ್ಲಿ ಮನೆಯಲ್ಲೇ ಎ2 ಹಾಳೆಗೆ ಮುದ್ರಿಸುತ್ತೇನೆ. 420 ಮಿಲಿಮೀಟರ್ ಅಗಲ, 594 ಮಿಲಿಮೀಟರ್ ಉದ್ದ. ಗೋಡೆಗೆ ತೂಗುಹಾಕಿದರೆ ವೇಷ ಎದುರಿಗೆ ಬಂದು ನಿಂತ ಹಾಗೆ ಕಾಣುವ ಅಳತೆ. ಪ್ರಿಂಟರ್ ಕ್ಯಾನನ್‌ನ ಪ್ರೊ-1000. ಹದಿನೇಳು ಇಂಚು ಅಗಲದ ಕಾಗದ ಹಿಡಿಯುತ್ತದೆ, 80 ಮಿಲಿಲೀಟರಿನ 12 ಶಾಯಿ ಡಬ್ಬಿಗಳಿವೆ. ಇದನ್ನು ಕೊಳ್ಳುವ ಮುನ್ನ ಆರು ತಿಂಗಳು ಓದಿದ್ದೆ. ಯಾವ ತಂತ್ರಾಂಶದಿಂದ ಮುದ್ರಿಸಬೇಕು ಎಂದು ಆರು ನಿಮಿಷವೂ ಯೋಚಿಸಿರಲಿಲ್ಲ.

ಮೊದಲ ದೊಡ್ಡ ಪ್ರಿಂಟು ಒಬ್ಬ ಹಿರಿಯ ವೇಷಧಾರಿಯದು. ರಂಗಸ್ಥಳದ ಹಿಂದಿನ ಕತ್ತಲು, ಕೆಂಪು ಮುಂಡಾಸು, ಅದರ ಮೇಲೆ ಜರಿಯ ಪಟ್ಟಿಗಳು. ಪ್ರಿಂಟರಿನಿಂದ ಹೊರಬಂದ ಹಾಳೆಯಲ್ಲಿ ಮುಂಡಾಸು ಬೀಟ್‌ರೂಟ್ ಪಲ್ಯದ ಬಣ್ಣದಲ್ಲಿತ್ತು. ಕಲಾವಿದರು ಅದನ್ನು ನೋಡಿ, ‘ಫೋಟೋ ಚೆಂದ ಉಂಟು. ಆದರೆ ಇದು ನಮ್ಮ ಮೇಳದ ಮುಂಡಾಸು ಅಲ್ಲ ಮಾರಾಯರೇ’ ಎಂದರು. ಒಂದು ಹಾಳೆಯ ಬೆಲೆಯಲ್ಲಿ ಮನೆಗೆ ಎರಡು ದಿನದ ಬಂಗುಡೆ ಬರುತ್ತದೆ. ಅಂಥ ನಾಲ್ಕು ಹಾಳೆ ಹಾಳಾದ ಮೇಲೆ ತಪ್ಪು ಸಿಕ್ಕಿತು, ಅದೂ ನನ್ನದೇ ತಪ್ಪು.

ಒಂದೊಂದು ಕಾಗದಕ್ಕೂ, ಅದನ್ನು ಬಳಸುವ ಒಂದೊಂದು ಪ್ರಿಂಟರಿಗೂ ಬಣ್ಣದ ನಕ್ಷೆಯಂಥ ಒಂದು ಫೈಲ್ ಇರುತ್ತದೆ. ಇದಕ್ಕೆ ಐಸಿಸಿ ಪ್ರೊಫೈಲ್ ಎನ್ನುತ್ತಾರೆ. ಹಾನೆಮ್ಯೂಲೆಯಂಥ ಕಾಗದದ ಕಂಪನಿಗಳು ಇದನ್ನು ಪುಕ್ಕಟೆಯಾಗಿ ಕೊಡುತ್ತವೆ. ಫೋಟೋ ತಿದ್ದಿ ಮುದ್ರಿಸುವ ತಂತ್ರಾಂಶವಾದ ಲೈಟ್‌ರೂಮ್‌ನಲ್ಲಿ ನಾನು ಆ ಪ್ರೊಫೈಲನ್ನು ಸರಿಯಾಗಿಯೇ ಆರಿಸಿದ್ದೆ. ಕಂಪ್ಯೂಟರಿನಲ್ಲಿದ್ದು ಪ್ರಿಂಟರನ್ನು ನಡೆಸುವ ಡ್ರೈವರ್‌ನಲ್ಲಿ ಮಾತ್ರ ಬಣ್ಣ ಹೊಂದಿಸುವ ಕೆಲಸವನ್ನು ನಿಲ್ಲಿಸಿರಲಿಲ್ಲ. ಲೈಟ್‌ರೂಮ್ ಬಣ್ಣವನ್ನು ಕಾಗದಕ್ಕೆ ತಕ್ಕಂತೆ ಬದಲಿಸಿ ಕಳಿಸಿತು; ಬದಲಾದದ್ದನ್ನು ಡ್ರೈವರ್ ಇನ್ನೊಮ್ಮೆ ಬದಲಿಸಿತು. ಒಂದೇ ಪಾತ್ರೆಯ ಸಾರಿಗೆ ಅತ್ತೆಯೊಮ್ಮೆ, ಸೊಸೆಯೊಮ್ಮೆ ಉಪ್ಪು ಹಾಕಿದ ಕಥೆ. ಡ್ರೈವರ್‌ನಲ್ಲಿ ಎರಡು ಕಿಟಕಿಗಳ ಒಳಗೆ ಅಡಗಿದ್ದ ‘ಮ್ಯಾಚಿಂಗ್’ ಎಂಬ ಪುಟದಲ್ಲಿ ‘ನನ್’ ಎಂದು ಒತ್ತಿದ ಮೇಲೆ ಮುಂಡಾಸು ಮರಳಿ ಕೆಂಪಾಯಿತು.

ತಂತ್ರಾಂಶ ಹುಡುಕಲು ಹೊರಟದ್ದು ಇಲ್ಲಿಂದ. ‘ಅತ್ಯುತ್ತಮ ಗುಣಮಟ್ಟ’ದ ಮಾತನ್ನು ಬದಿಗಿಟ್ಟು, ಬಣ್ಣದ ತೀರ್ಮಾನ ಎಷ್ಟು ಕಡೆ ನಡೆಯುತ್ತದೆ ಎಂದು ಮಾತ್ರ ನೋಡಿದೆ. ನನ್ನಂಥ ಮರೆಗುಳಿಗೆ ಅದು ಒಂದೇ ಕಡೆ ನಡೆಯಬೇಕು, ಒಮ್ಮೆ ಸರಿಮಾಡಿಟ್ಟದ್ದು ಮುಂದಿನ ಮಳೆಗಾಲಕ್ಕೂ ಹಾಗೆಯೇ ಇರಬೇಕು.

ರಿಪ್ ಎಂಬ ವರ್ಗದ ತಂತ್ರಾಂಶ ಕೊಳ್ಳಲು ಕೆಲವರು ಹೇಳಿದರು. ಇವು ಡ್ರೈವರನ್ನೇ ಬದಿಗೆ ಸರಿಸಿ ಶಾಯಿಯ ಹನಿಗಳನ್ನು ತಾವೇ ನಿಯಂತ್ರಿಸುತ್ತವೆ. ಒಂದು ಕಾಲದಲ್ಲಿ ಮನೆಯಲ್ಲಿ ಮುದ್ರಿಸುವವರಿಗೂ, ಅದರಲ್ಲೂ ಕಪ್ಪುಬಿಳುಪಿನವರಿಗೆ, ಇವು ಬೇಕೇ ಬೇಕಾಗಿದ್ದವು. ಆಗಿನ ಡ್ರೈವರ್‌ಗಳು ಕೊಡುತ್ತಿದ್ದ ಬೂದು ಬಣ್ಣದಲ್ಲಿ ಹಸಿರೋ ನೇರಳೆಯೋ ಇಣುಕುತ್ತಿತ್ತು. 2005ರಲ್ಲಿ ಎಪ್ಸನ್ ಮೂರು ಬಗೆಯ ಕಪ್ಪು-ಬೂದು ಶಾಯಿಗಳ ಕೆ3 ಸಾಲನ್ನು ತಂದ ಮೇಲೆ ಆ ಕಷ್ಟ ಬಹಳಷ್ಟು ತಗ್ಗಿತು. ದಿನವಿಡೀ ರೋಲುಗಟ್ಟಲೆ ಮುದ್ರಿಸುವ ಅಂಗಡಿಗೆ ರಿಪ್ ಈಗಲೂ ಬೇಕು. ವರ್ಷಕ್ಕೆ ಮೂವತ್ತು ಹಾಳೆ ಮುದ್ರಿಸುವ ನನಗೆ ಅದು ಮದುವೆ ಛತ್ರದ ಕೊಪ್ಪರಿಗೆ.

ಉಳಿದದ್ದು ಮೂರು: ಕೈಯಲ್ಲಿದ್ದ ಲೈಟ್‌ರೂಮ್, ವಿಂಡೋಸ್‌ನಲ್ಲಿ ನಡೆಯುವ ಕ್ಯುಇಮೇಜ್ ಅಲ್ಟಿಮೇಟ್, ಕ್ಯಾನನ್ ತಾನೇ ಪುಕ್ಕಟೆ ಕೊಡುವ ಪ್ರೊಫೆಷನಲ್ ಪ್ರಿಂಟ್ ಅಂಡ್ ಲೇಔಟ್. ಒಂದೇ ಫೋಟೋವನ್ನು ಮೂರರಿಂದಲೂ ಮುದ್ರಿಸಿದೆ. ಪೂರ್ತಿ ಎ2 ಹಾಳೆಯಲ್ಲಲ್ಲ. ಕಣ್ಣು, ಜರಿ, ಮುಂಡಾಸಿನ ಮಡಿಕೆ ಮೂರೂ ಬರುವಂತೆ ಕತ್ತರಿಸಿಕೊಂಡ ಒಂದು ಪಟ್ಟಿಯನ್ನು, ಎ2ನಲ್ಲಿ ಎಷ್ಟು ದೊಡ್ಡದಾಗಿ ಬರುವುದೋ ಅಷ್ಟೇ ಅಳತೆಗೆ. ಮೊದಲೇ ಈ ಬುದ್ಧಿ ಬಂದಿದ್ದರೆ ನಾಲ್ಕು ಹಾಳೆ ಉಳಿಯುತ್ತಿದ್ದವು.

ನನ್ನ ಕ್ಯಾಮೆರಾದ ಚಿತ್ರದ ಉದ್ದ 6000 ಪಿಕ್ಸೆಲ್. ಅಂಚು ಬಿಟ್ಟು 22 ಇಂಚಿಗೆ ಹರಡಿದರೆ ಇಂಚಿಗೆ ಸುಮಾರು 273 ಪಿಕ್ಸೆಲ್ ಸಿಗುತ್ತವೆ. ಈ ಪ್ರಿಂಟರ್ ಕೇಳುವುದು 300 ಅಥವಾ 600. ಎಪ್ಸನ್ ಆಗಿದ್ದರೆ 360 ಅಥವಾ 720. ನಡುವಿನ ಅಂತರವನ್ನು ಯಾರಾದರೂ ತುಂಬಲೇಬೇಕು. ಕ್ಯುಇಮೇಜ್ ಆ ಸಂಖ್ಯೆಯನ್ನು ತಾನೇ ಕೇಳಿ ತಿಳಿದು, ಚಿತ್ರವನ್ನು ಅಲ್ಲಿಯವರೆಗೆ ಹಿಗ್ಗಿಸಿ, ಅದಾದ ಮೇಲೆ ಆ ಅಳತೆಗೆ ತಕ್ಕಷ್ಟು ಹರಿತ ಮಾಡುತ್ತದೆ. ಲೈಟ್‌ರೂಮ್‌ನಲ್ಲಿ 600 ಎಂದು ನಾವೇ ಬರೆದು, ಹೊಳಪಿಲ್ಲದ ಕಾಗದಕ್ಕೆಂದು ಇರುವ ಹರಿತವನ್ನು ಆರಿಸಬೇಕು. ಭೂತಗನ್ನಡಿ ಹಿಡಿದರೆ ಜರಿಯ ಓರೆ ಗೆರೆಗಳು ಕ್ಯುಇಮೇಜ್‌ನದರಲ್ಲಿ ಕೂದಲೆಳೆಯಷ್ಟು ನುಣುಪು. ಕೈಯಳತೆಯ ದೂರದಲ್ಲಿ ಹಿಡಿದು, ಯಾವುದು ಯಾವುದೆಂದು ಹೇಳದೆ ಹೆಂಡತಿಗೆ ತೋರಿಸಿದೆ. ‘ಮೂರೂ ಒಂದೇ ಅಲ್ಲವಾ?’ ಎಂದಳು.

ಬಣ್ಣದಲ್ಲಿ ಕಂಡ ವ್ಯತ್ಯಾಸಕ್ಕೆ ಕಾರಣ ತಂತ್ರಾಂಶವಾಗಿರಲಿಲ್ಲ; ಕಾಗದಕ್ಕೆ ಎಟುಕದ ಬಣ್ಣಗಳನ್ನು ಏನು ಮಾಡಬೇಕು ಎಂದು ತಿಳಿಸುವ ಆಯ್ಕೆಯಾಗಿತ್ತು. ‘ರಿಲೇಟಿವ್’ ಎಂಬ ಆಯ್ಕೆಯಲ್ಲಿ, ಕಾಗದಕ್ಕೆ ಎಟುಕದ ಕೆಂಪುಗಳೆಲ್ಲ ಎಟುಕುವ ಕೊನೆಯ ಕೆಂಪಿಗೆ ಬಂದು ಗುಡ್ಡೆಯಾಗುತ್ತವೆ. ಮುಂಡಾಸು ಸುಣ್ಣ ಬಳಿದ ಗೋಡೆಯಂತೆ ಸಪಾಟಾಯಿತು. ‘ಪರ್ಸೆಪ್ಚುವಲ್’ ಆರಿಸಿದಾಗ ಎಲ್ಲ ಬಣ್ಣಗಳೂ ಒಟ್ಟಿಗೆ ಸ್ವಲ್ಪ ಒಳಸರಿದವು, ಕೆಂಪು ತುಸು ತಗ್ಗಿತು, ಆದರೆ ಮಡಿಕೆಗಳು ಉಳಿದವು. ನಾನು ಮಡಿಕೆಗಳ ಪಕ್ಷ. ಪ್ರಿಂಟುಗಳು ಕಪ್ಪಾಗಿ ಬರುತ್ತಿದ್ದುದಕ್ಕೂ ಮದ್ದು ಬೇರೆಯೇ ಆಗಿತ್ತು: ಗೆಳೆಯನ ಅಳತೆಯ ಉಪಕರಣ ತಂದು ಮಾನಿಟರಿನ ಬೆಳಕನ್ನು ಚದರ ಮೀಟರಿಗೆ 90 ಕ್ಯಾಂಡೆಲಾಕ್ಕೆ ಇಳಿಸಿದೆ. ಅಷ್ಟು ದಿನ ಪರದೆ ಟ್ಯೂಬ್‌ಲೈಟಿನ ಹಾಗೆ ಉರಿಯುತ್ತಿತ್ತು.

ಈಗಿನ ಪದ್ಧತಿ ಹೀಗಿದೆ. ಕಾಗದದ ಮೇಲೆ ಹೇಗೆ ಕಾಣಬಹುದೆಂದು ಪರದೆಯಲ್ಲೇ ನೋಡಿ ತಿದ್ದುವುದು ಲೈಟ್‌ರೂಮ್‌ನಲ್ಲಿ. ಈ ಸಾಫ್ಟ್ ಪ್ರೂಫಿಂಗ್‌ನಲ್ಲಿ ನನ್ನ ಕೈ ಅಲ್ಲಿಯೇ ಪಳಗಿದೆ. ಎ2 ಮುದ್ರಿಸುವುದು ಕ್ಯಾನನ್‌ನ ತಂತ್ರಾಂಶದಿಂದ, ಏಕೆಂದರೆ ಕಾಗದ, ಪ್ರೊಫೈಲ್, ಬಣ್ಣದ ಆಯ್ಕೆ ಎಲ್ಲವೂ ಒಂದೇ ಕಿಟಕಿಯಲ್ಲಿ ಕಣ್ಣೆದುರಿಗಿರುತ್ತವೆ. ಉಪ್ಪು ಎರಡು ಸಲ ಬೀಳುವುದಿಲ್ಲ. ಕ್ಯುಇಮೇಜ್ ಕೊಂಡದ್ದೂ ದಂಡವಾಗಲಿಲ್ಲ. ಮೇಳದವರು ಕೇಳುವ ಅಂಗೈಯಗಲದ ಹತ್ತಾರು ಚಿತ್ರಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಕಾಗದ ಪೋಲಾಗದಂತೆ ಜೋಡಿಸುವುದರಲ್ಲಿ ಅದಕ್ಕೆ ಸಮಾನವಾದದ್ದನ್ನು ನಾನು ಕಂಡಿಲ್ಲ. ದೂರದಿಂದ ತೆಗೆದು ಬಹಳಷ್ಟು ಕತ್ತರಿಸಿದ ಫೋಟೋಗಳನ್ನು ಹಿಗ್ಗಿಸಲೂ ಅದೇ. ಅಂತೂ ಹಣ ಕೊಟ್ಟದ್ದು ಸಣ್ಣ ಚಿತ್ರಗಳಿಗೆ, ಪುಕ್ಕಟೆ ಸಿಕ್ಕಿದ್ದು ದೊಡ್ಡ ಚಿತ್ರಗಳಿಗೆ.

ಕರಾವಳಿಯವರಿಗೆ ಎರಡು ಮಾತು. ಮಳೆಗಾಲದಲ್ಲಿ ದಪ್ಪ ಹತ್ತಿಯ ಕಾಗದ ತೇವ ಕುಡಿದು ಅಲೆಯೇಳುತ್ತದೆ, ಮುದ್ರಿಸುವ ಹೆಡ್ ಅದರ ಅಂಚಿಗೆ ಉಜ್ಜಿ ಮಸಿ ಹತ್ತುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಪೊಟ್ಟಣಗಳ ಜೊತೆ ಮುಚ್ಚಿಟ್ಟು, ಮುದ್ರಿಸುವಾಗ ಒಂದೊಂದನ್ನೇ ತೆಗೆಯುತ್ತೇನೆ. ಯುಪಿಎಸ್ ಇಲ್ಲದೆ ಗುಂಡಿ ಒತ್ತುವುದಿಲ್ಲ. ಅರ್ಧ ಮುಗಿದ ಪ್ರಿಂಟನ್ನು ಮುಂದುವರಿಸಲು ಯಾವ ತಂತ್ರಾಂಶಕ್ಕೂ ಬರುವುದಿಲ್ಲ.

ಹೊಸ ಪ್ರಿಂಟನ್ನು ಕಲಾವಿದರಿಗೆ ತೋರಿಸಿದಾಗ ಅವರು ಜಗಲಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮುಂಡಾಸಿನ ಮಾತೇ ಎತ್ತಲಿಲ್ಲ. ಕಿವಿಯ ಹತ್ತಿರ ಬೆರಳಿಟ್ಟು, ‘ಇಲ್ಲಿ ಬೆವರಿಗೆ ಬಣ್ಣ ಕರಗಿದ್ದು ಸಹ ಬಂದಿದೆಯಲ್ಲ. ಇದನ್ನು ಅಳಿಸಿ ಇನ್ನೊಂದು ಪ್ರತಿ ಕೊಡಲಿಕ್ಕೆ ಆಗುತ್ತದಾ?’ ಎಂದು ಕೇಳಿದರು.