ಪ್ರಾಣದ ಹಂಗು ನಾನೇನೂ ತೊರೆದಿರಲಿಲ್ಲ

ವೇದಿಕೆಗೆ ಕರೆದಾಗಲೆಲ್ಲ ನಿರೂಪಕರು ಹೇಳುವ ಮಾತು ಒಂದೇ: "ಪ್ರಾಣದ ಹಂಗು ತೊರೆದು ಹೋರಾಡಿದ ವೀರ ಯೋಧ." ಚಪ್ಪಾಳೆ ಬೀಳುತ್ತದೆ. ನಾನು ಕೈ ಮುಗಿಯುತ್ತೇನೆ. ಕಣ್ಣ ಮುಂದೆ ಮಾತ್ರ ಒಂದು ಗೋಡೆ ಬರುತ್ತದೆ. ಸೊಂಟದೆತ್ತರದ, ಅರ್ಧ ಕುಸಿದ ಗೋಡೆ. ಅದರ ಹಿಂದೆ ಮಣ್ಣಿಗೆ ಮುಖ ಒತ್ತಿಕೊಂಡು ನಾನು ಮಲಗಿದ್ದೆ. ಇಪ್ಪತ್ತು ಹೆಜ್ಜೆ ಆಚೆ ನನ್ನ ಜೊತೆಗಾರ ಬಿದ್ದಿದ್ದ. ನನ್ನ ಹೆಸರು ಹಿಡಿದು ಕೂಗುತ್ತಿದ್ದ. ಗುಂಡಿನ ಸದ್ದು ಸ್ವಲ್ಪ ಸಡಿಲವಾದ ಮೇಲೆ ತೆವಳಿಕೊಂಡು ಹೋಗಿ ಎಳೆದು ತಂದೆ. ಅಷ್ಟರಲ್ಲಿ ತಡವಾಗಿತ್ತು. ಪದಕ ಬಂದದ್ದು ಎಳೆದು ತಂದದ್ದಕ್ಕೆ. ಮಲಗಿದ್ದ ಹೊತ್ತಿನ ಲೆಕ್ಕ ಯಾರೂ ಕೇಳಲಿಲ್ಲ. ಪ್ರಾಣದ ಹಂಗು ಆಗ ನನಗೆ ಜಾಸ್ತಿಯೇ ಇತ್ತು.

ನಿವೃತ್ತಿಯಾಗಿ ಮನೆಗೆ ಬಂದ ಮೊದಲ ವರ್ಷ ಏನೂ ಆಗಲಿಲ್ಲ. ಆಮೇಲೆ ಶುರುವಾಯಿತು. ರಾತ್ರಿ ಮೂರು ಸಲ ಎದ್ದು ಚಿಲಕ ನೋಡುವುದು, ಎಲ್ಲೇ ಹೋದರೂ ಬಾಗಿಲು ಕಾಣುವ ಕುರ್ಚಿಯಲ್ಲೇ ಕೂರುವುದು, ಬೈಕ್ ಸೈಲೆನ್ಸರ್ ಸಿಡಿದರೆ ಕಾರಿನ ಮರೆಗೆ ಹೋಗುವುದು. ಒಂದು ರಾತ್ರಿ ಕನಸಿನಲ್ಲಿ ಕಿರುಚುತ್ತಿದ್ದೆನಂತೆ. ಹೆಂಡತಿ ಭುಜ ಅಲುಗಾಡಿಸಿದಳು. ಕಣ್ಣು ಬಿಟ್ಟಾಗ ಅವಳ ಮಣಿಕಟ್ಟು ನನ್ನ ಕೈಯಲ್ಲಿತ್ತು, ತಿರುಚಿಕೊಂಡು. ಅವಳು ಬೈಯಲಿಲ್ಲ. "ರೀ, ನಾನು ಕಣ್ರೀ" ಅಂದಳು ಅಷ್ಟೇ. ಮರುದಿನದಿಂದ ಹಾಸಿಗೆ ಬೇರೆಯಾಯಿತು. ನಿದ್ದೆಗೆ ಅಂತ ಶುರುವಾದ ಒಂದು ಪೆಗ್ ಮೂರಾಯಿತು.

ಮೊದಲು ಒಬ್ಬ ಕೌನ್ಸೆಲರ್ ಹತ್ತಿರ ಹೋದೆ. ನಾನು ಯಾರು ಅಂತ ಗೊತ್ತಾದ ಕೂಡಲೇ ಅವರು ಎದ್ದು ನಿಂತು ಕೈ ಕುಲುಕಿದರು. "ನಿಮ್ಮಂಥ ಹೀರೋಗಳೇ ಹೀಗೆ ಕುಗ್ಗಿದರೆ ಹೇಗೆ ಸಾರ್?" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅಲ್ಲಿಗೆ ನನ್ನ ಬಾಯಿ ಮುಚ್ಚಿತು. ಹೀರೋ ಅಂದುಬಿಟ್ಟ ಮೇಲೆ ಗೋಡೆಯ ವಿಷಯ ಹೇಗೆ ಹೇಳಲಿ? ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ಮುಂದಿನ ಎರಡು ವರ್ಷ ಯಾರ ಹತ್ತಿರವೂ ಹೋಗಲಿಲ್ಲ.

ಎರಡನೆಯವರು ಒಬ್ಬ ಮನೋವೈದ್ಯೆ. ಅವರು ಹೊಗಳಲಿಲ್ಲ, ಒಂದು ಪ್ರಶ್ನೆಪತ್ರಿಕೆ ಕೊಟ್ಟರು. ಪಿಸಿಎಲ್-5 ಅಂತ ಅದರ ಹೆಸರು. 20 ಪ್ರಶ್ನೆ, ಒಂದೊಂದಕ್ಕೂ 0ಯಿಂದ 4, ಒಟ್ಟು 80. ಸಾಮಾನ್ಯವಾಗಿ 31-33 ದಾಟಿದರೆ ಪಿಟಿಎಸ್‌ಡಿ, ಅಂದರೆ ಭಯಾನಕ ಘಟನೆಯ ಆಘಾತ ಮನಸ್ಸಿನಲ್ಲಿ ಉಳಿದುಬಿಡುವ ಕಾಯಿಲೆ, ಇರಬಹುದು ಅಂತ ಮುಂದೆ ಪರೀಕ್ಷೆ ಮಾಡುತ್ತಾರೆ. ನನ್ನದು 54. ಅಂಕ ನೋಡಿ ಸಮಾಧಾನವಾಯಿತು ಅಂದರೆ ನಗಬೇಡಿ. ಇದಕ್ಕೊಂದು ಹೆಸರಿದೆ, ಅಳತೆ ಇದೆ, ನನ್ನ ತಲೆ ಕೆಟ್ಟಿಲ್ಲ ಅನ್ನಿಸಿತು.

ಹೆಸರು ಸಿಕ್ಕ ಕಥೆಯನ್ನು ಆಮೇಲೆ ಓದಿಕೊಂಡೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯ 'ಶೆಲ್ ಶಾಕ್' ಬಗ್ಗೆ ಬರೆದ. ಯುದ್ಧದ ಆಘಾತದಿಂದ ಸೈನಿಕರ ಮನಸ್ಸು ಕುಸಿಯುವುದಕ್ಕೆ ಆಗ ಇದ್ದ ಹೆಸರು ಅದು. ಅದೇ ಯುದ್ಧದಲ್ಲಿ ಬ್ರಿಟಿಷ್ ಸೇನೆ, ಓಡಿಹೋದರು, ಹೇಡಿತನ ತೋರಿಸಿದರು ಅಂತ ತನ್ನದೇ ಸೈನಿಕರನ್ನು ಗುಂಡಿಟ್ಟು ಕೊಂದಿತು. ಅಂಥವರಲ್ಲಿ 306 ಜನರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಪಿಟಿಎಸ್‌ಡಿ ಅನ್ನುವುದು ಅಮೆರಿಕದ ಮನೋವೈದ್ಯರ ಪಟ್ಟಿಗೆ ಸೇರಿದ್ದೇ 1980ರಲ್ಲಿ, ಅದೂ ವಿಯೆಟ್ನಾಂ ಯುದ್ಧದಿಂದ ಬಂದವರು ಪಟ್ಟು ಹಿಡಿದ ಮೇಲೆ. ನನ್ನ ಲೆಕ್ಕದಲ್ಲಿ ಹೇಡಿ, ಹೀರೋ ಎರಡೂ ಒಂದೇ ಜಾತಿಯ ಮಾತು. ಎರಡರಲ್ಲೂ ಅವತ್ತು ಏನಾಯಿತು ಅಂತ ಕೇಳುವ ಗೋಜಿಲ್ಲ.

ಡಾಕ್ಟರಮ್ಮ ಕೇಳಿದರು. ಅವರು ಮಾಡಿಸಿದ ಚಿಕಿತ್ಸೆಗೆ ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಅನ್ನುತ್ತಾರೆ. ಎಡ್ನಾ ಫೋವಾ ಎಂಬ ಮನಶ್ಶಾಸ್ತ್ರಜ್ಞೆ ಬೆಳೆಸಿದ ವಿಧಾನ. ಸಾಮಾನ್ಯವಾಗಿ 8ರಿಂದ 15 ಸಲ, ಒಂದೊಂದು ಸಲಕ್ಕೆ ಸುಮಾರು 90 ನಿಮಿಷ. ಯಾವುದರಿಂದ ತಪ್ಪಿಸಿಕೊಂಡು ಓಡಾಡುತ್ತೀರೋ ಅದೇ ನಿಮ್ಮನ್ನು ಅಟ್ಟಿಸಿಕೊಂಡು ಬರುತ್ತದೆ, ಹಾಗಾಗಿ ನಿಂತು ತಿರುಗಿ ನೋಡಿ. ಇಷ್ಟೇ ಅದರ ಒಳಗುಟ್ಟು.

ಮೊದಲು ಪಟ್ಟಿ ಮಾಡಿದೆವು. ಭಯದ ಅಂಕ 0ಯಿಂದ 100. ಬೈಕ್ ಸದ್ದು 55. ಬಾಗಿಲಿಗೆ ಬೆನ್ನು ಹಾಕಿ ಹೋಟೆಲಿನಲ್ಲಿ ಕೂರುವುದು 70. ಸನ್ಮಾನ ಸಮಾರಂಭ 95. "ಪಟಾಕಿಗಿಂತ ಜಾಸ್ತಿನಾ?" ಅಂತ ಅವರು ಪೆನ್ನು ನಿಲ್ಲಿಸಿ ಕೇಳಿದರು. ಹೌದು ಅಂದೆ. ಪಟಾಕಿ ಬರೀ ಸದ್ದು, ಸನ್ಮಾನ ಹಾಗಲ್ಲ. ಸುಳ್ಳು ಹೇಳುತ್ತಾ ನಿಂತಿರಬೇಕು.

ಹೋಟೆಲಿನಿಂದ ಶುರು. ಬಾಗಿಲಿಗೆ ಬೆನ್ನು ಹಾಕಿ ಕೂರಬೇಕು, ಅಂಕ ಅರ್ಧಕ್ಕೆ ಇಳಿಯುವವರೆಗೆ ಏಳಬಾರದು. ಹೆಂಡತಿ ಎದುರಿಗೆ. ಐದೈದು ನಿಮಿಷಕ್ಕೆ "ಎಷ್ಟು?" ಅನ್ನುವಳು. ಎಪ್ಪತ್ತು. ಎಪ್ಪತ್ತೈದು. ಬೆನ್ನೆಲ್ಲ ಬೆವರು. ಮಾಣಿ ಹಿಂದಿನಿಂದ ಬಂದು ನೀರಿನ ಲೋಟ ಕುಕ್ಕಿದಾಗ ತೊಂಬತ್ತು. ಮುಕ್ಕಾಲು ಗಂಟೆಯಾದ ಮೇಲೆ ಮೂವತ್ತಕ್ಕೆ ಇಳಿಯಿತು. ಅಷ್ಟರಲ್ಲಿ ಕಾಫಿ ಕೆನೆಗಟ್ಟಿತ್ತು.

ಕಷ್ಟ ಇದ್ದದ್ದು ಇನ್ನೊಂದು ಭಾಗ. ಕಣ್ಣು ಮುಚ್ಚಿ, ಅವತ್ತಿನದನ್ನು ಈಗಲೇ ನಡೆಯುತ್ತಿರುವಂತೆ ಜೋರಾಗಿ ಹೇಳಬೇಕು. "ಮಲಗಿದ್ದೆ" ಅಂದರೆ ಆಗದು, "ಮಲಗಿದ್ದೇನೆ" ಅನ್ನಬೇಕು. ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ದಿನಾ ಕೇಳಬೇಕು. ಮೊದಲ ಎರಡು ವಾರ ಕನಸು ಜಾಸ್ತಿಯಾಯಿತು. ಎರಡು ಸಲ ತಪ್ಪಿಸಿಕೊಂಡೆ, ಕುಡಿದು ಮಲಗಿದೆ. ಹೀಗಾಗುತ್ತದೆ ಅಂತ ಅವರು ಮೊದಲೇ ಹೇಳಿದ್ದರಿಂದ ವಾಪಸ್ ಹೋಗಲು ಮುಖ ಇತ್ತು. ಈ ಭಾಗವನ್ನು ಮಾತ್ರ ದಯವಿಟ್ಟು ಯಾರೂ ಸುಮ್ನೆ ಮನೆಯಲ್ಲಿ ಒಬ್ಬರೇ ಮಾಡಲು ಹೋಗಬೇಡಿ. ಸಾಯುವ ಯೋಚನೆ ಬರುತ್ತಿದ್ದರೆ ಮೊದಲು ಅದನ್ನೇ ಡಾಕ್ಟರ ಮುಂದೆ ಹೇಳಿ.

ಐದನೇ ಸಲ ಹೇಳುವಾಗ ಮರೆತೇಹೋಗಿದ್ದ ಒಂದು ಸದ್ದು ಬಂತು. ರೇಡಿಯೋ. "ಯಾರೂ ಕದಲಬೇಡಿ." ಕಣ್ಣು ಬಿಟ್ಟೆ. ಆದೇಶ ಇತ್ತು! ಸಿನಿಮಾ ಆಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಹಾಗಾಗಲಿಲ್ಲ. ಮುಂದಿನ ವಾರ ಅದೇ ಜಾಗವನ್ನು ಮತ್ತೆ ಮತ್ತೆ ಹೇಳಿಸಿದರು. ಆಗ ಅದರ ಕೆಳಗಿದ್ದದ್ದು ಹೊರಗೆ ಬಂತು. ಕದಲಬೇಡಿ ಅಂದಾಗ ನನಗೆ ಹಾಯೆನಿಸಿತ್ತು. ಅವನು ಕೂಗುತ್ತಿದ್ದಾನೆ, ನನಗೆ ಹಾಯೆನಿಸುತ್ತಿದೆ. ಇಷ್ಟು ವರ್ಷ ನಾನು ಮುಚ್ಚಿಟ್ಟುಕೊಂಡಿದ್ದು ಅದನ್ನು.

ಭಯ ಬೇರೆ, ಇದು ಬೇರೆ ಅಂದರು ಡಾಕ್ಟರಮ್ಮ. ಮಾಡಿದ್ದಕ್ಕೋ ಮಾಡದೇ ಇದ್ದದ್ದಕ್ಕೋ ನಮ್ಮ ಕಣ್ಣಲ್ಲಿ ನಾವೇ ಬಿದ್ದುಹೋಗುವ ಈ ಗಾಯಕ್ಕೆ ಮಾರಲ್ ಇಂಜುರಿ ಅನ್ನುತ್ತಾರೆ. ವಿಯೆಟ್ನಾಂ ಯುದ್ಧದಿಂದ ಬಂದವರಿಗೆ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ ಎಂಬ ಮನೋವೈದ್ಯ ಬಳಕೆಗೆ ತಂದ ಮಾತು. ಆಮೇಲೆ ಅವರು ಒಂದೇ ಪ್ರಶ್ನೆ ಕೇಳಿದರು: "ನೀವು ಆಚೆ ಬಿದ್ದಿದ್ದು, ಗೋಡೆ ಹಿಂದೆ ಅವನಿದ್ದಿದ್ದರೆ?" ಯೋಚಿಸಬೇಕಾಗಲಿಲ್ಲ. ನಾನೂ ಅವನ ಹೆಸರು ಹಿಡಿದು ಕೂಗುತ್ತಿದ್ದೆ. ಅವನು ತಲೆ ಎತ್ತಿದರೆ ಬರಬೇಡವೋ ಅಂತಲೂ ಕೂಗುತ್ತಿದ್ದೆ. ಎರಡೂ ನಿಜ. ಅವತ್ತು ಮನೆಗೆ ಹೋಗಿ ಹೆಂಡತಿಗೆ ಪೂರ್ತಿ ಕಥೆ ಹೇಳಿದೆ, ಮೊದಲ ಸಲ. ಹಾಯೆನಿಸಿದ್ದನ್ನೂ ಸೇರಿಸಿ.

ಹದಿಮೂರು ಸಲ ಆಯಿತು. ಅಂಕ 54ರಿಂದ 22ಕ್ಕೆ ಬಂತು. ಡಾಕ್ಟರಮ್ಮ ಬರೆದುಕೊಟ್ಟ ಸೆರ್ಟ್ರಲಿನ್ ಎಂಬ ಖಿನ್ನತೆ, ಆತಂಕದ ಮಾತ್ರೆ ಒಂದೂವರೆ ವರ್ಷ ತೆಗೆದುಕೊಂಡೆ. ಕುಡಿತ ಬಿಡಿಸಲು ಬೇರೆಯೇ ಒದ್ದಾಟ ಬೇಕಾಯಿತು, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಕನಸು ಈಗಲೂ ಬರುತ್ತದೆ, ತಿಂಗಳಿಗೊಂದು. ಹೆಂಡತಿ ಮುಟ್ಟುವುದಿಲ್ಲ. ಮಂಚದ ಕಾಲ ಬಳಿ ನಿಂತು, ದೀಪ ಹಾಕಿ, ಹೆಸರು ಹಿಡಿದು ಕರೆಯುತ್ತಾಳೆ. ಗಂಡನ ಹೆಸರು ಹಿಡಿದು ಕರೆಯಲು ಇದೊಂದು ನೆಪ ಸಿಕ್ಕಿತು ಅಂತ ಅವಳಿಗೆ ಖುಷಿ.

ಕಾರ್ಯಕ್ರಮಗಳಿಗೆ ಹೋಗುವುದನ್ನು ಬಿಟ್ಟಿಲ್ಲ. 95ರ ಬಾಬ್ತು ಅಲ್ವಾ, ಬಿಟ್ಟರೆ ಮತ್ತೆ ಬೆಳೆಯುತ್ತದೆ. ಆದರೆ ನನ್ನ ಪರಿಚಯವನ್ನು ನಾನೇ ಬರೆದು ಕಳಿಸುತ್ತೇನೆ. ಮೂರು ಸಾಲು. ಇಷ್ಟು ವರ್ಷ ಕೆಲಸ ಮಾಡಿದರು. ಒಬ್ಬ ಜೊತೆಗಾರನನ್ನು ಕಳೆದುಕೊಂಡರು. ಆಮೇಲೆ ಕಾಯಿಲೆ ಬಿದ್ದು ಚಿಕಿತ್ಸೆ ಪಡೆದರು.

ಮೊನ್ನೆ ಒಬ್ಬ ನಿರೂಪಕರು ಮೂರೂ ಸಾಲು ಚೆನ್ನಾಗಿಯೇ ಓದಿದರು. ಓದಿ ಮುಗಿಸಿ, ಬಾಯಿಪಾಠವಾಗಿ ಹೋಗಿತ್ತೋ ಏನೋ, "ಪ್ರಾಣದ ಹಂಗು ತೊರೆದು..." ಅಂದೇಬಿಟ್ಟರು. ಚಪ್ಪಾಳೆ. ಮೊದಲ ಸಾಲಿನಲ್ಲಿದ್ದ ಹೆಂಡತಿ ಕಡೆ ನೋಡಿದೆ. ನಗು ತಡೆದುಕೊಂಡು, ಹುಬ್ಬಿನಲ್ಲೇ ಕೇಳಿದಳು: ಎಷ್ಟು?

ನಾಲ್ಕು ಬೆರಳು ತೋರಿಸಿದೆ. ನಲವತ್ತು.