ಪಾಠ ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷ್‌ನಲ್ಲಿ ಬರೆಯಿರಿ

ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ 2024ರಲ್ಲಿ ಯಾದಗಿರಿ ಕೊನೆಗಿತ್ತು. 2025ರ ಮೊದಲ ಪರೀಕ್ಷೆಯಲ್ಲಿ ಆ ಜಾಗಕ್ಕೆ ಕಲಬುರಗಿ ಬಂತು. ನಮ್ಮ ಮಕ್ಕಳು ದಡ್ಡರು ಅಂತ ಇದರ ಅರ್ಥ ಖಂಡಿತ ಅಲ್ಲ. ಇಂಗ್ಲಿಷ್ ವಿಷಯವನ್ನೇ ನೋಡಿ. ಹಳ್ಳಿ ಶಾಲೆಯ ಹುಡುಗನಿಗೆ ಆ ಭಾಷೆ ಕಿವಿಗೆ ಬೀಳುವುದೇ ದಿನದ ಒಂದು ಪೀರಿಯಡ್‌ನಲ್ಲಿ. 'ಸರ್, ಇಂಗ್ಲಿಷ್ ತಲಿಗಿ ಹತ್ತಂಗಿಲ್ರಿ' ಅಂತ ನಮ್ಮ ತರಗತಿಯ ಮಕ್ಕಳು ಹೇಳುತ್ತಲೇ ಇರುತ್ತಾರೆ. ಕೊನೆಗೆ ಗೈಡ್ ಹಿಡಿದು ಉತ್ತರ ಉರು ಹೊಡೆಯುತ್ತಾರೆ. ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೂ ಪೆನ್ನು ನಿಂತುಬಿಡುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಬರೆಯುವವರಿಗಾಗಿ ಈ ಲೇಖನ. ಲಿಖಿತ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಆಂತರಿಕ ಅಂಕ.

ಗದ್ಯದಿಂದ ಶುರು ಮಾಡಿ

ಪಾಠವನ್ನು ಒಮ್ಮೆ ಓದಿ, ಅಥವಾ ಮೇಷ್ಟ್ರ ಹತ್ತಿರ ಕೇಳಿಸಿಕೊಳ್ಳಿ. ಮನೆಗೆ ಬಂದು ಅದನ್ನು ಅವ್ವನಿಗೋ ತಮ್ಮನಿಗೋ ಕನ್ನಡದಲ್ಲಿ ಹೇಳಿ. ನೀವು ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ನಿಮಗೆ ಅರ್ಥ ಆಗಿಲ್ಲ ಅಂತ ಲೆಕ್ಕ. ಪುಸ್ತಕ ತೆಗೆದು ಆ ಭಾಗ ಮಾತ್ರ ಮತ್ತೆ ಓದಿ.

ಆರ್. ಕೆ. ನಾರಾಯಣ್ ಅವರ 'ಎ ಹೀರೋ' ಪಾಠ ತೆಗೆದುಕೊಳ್ಳಿ. ಹುಲಿಯನ್ನು ಎದುರಿಸಿದ ಹಳ್ಳಿ ಹುಡುಗನ ಸುದ್ದಿಯನ್ನು ಸ್ವಾಮಿ ಎಂಬ ಹುಡುಗನ ಅಪ್ಪ ಪೇಪರ್‌ನಲ್ಲಿ ನೋಡುತ್ತಾನೆ. ಶಕ್ತಿಗಿಂತ ಧೈರ್ಯ ದೊಡ್ಡದು ಅನ್ನುತ್ತಾನೆ. ಹಾಗಾದರೆ ಇವತ್ತು ರಾತ್ರಿ ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗು ಅಂತ ಸ್ವಾಮಿಗೆ ಸವಾಲು ಹಾಕುತ್ತಾನೆ. ಅಜ್ಜಿಯ ಪಕ್ಕದಲ್ಲಿ ಮಲಗಿ ರೂಢಿಯಾದ ಹುಡುಗ ಹೆದರಿ ಬೆಂಚಿನ ಕೆಳಗೆ ಸೇರಿಕೊಳ್ಳುತ್ತಾನೆ. ಕತ್ತಲಲ್ಲಿ ಏನೋ ಹತ್ತಿರ ಬರುತ್ತದೆ. ಭಯದಲ್ಲಿ ಅದರ ಕಾಲು ಹಿಡಿದು ಕಚ್ಚಿಬಿಡುತ್ತಾನೆ. ಕಳ್ಳ ಸಿಕ್ಕಿಬೀಳುತ್ತಾನೆ, ಸ್ವಾಮಿ ಹೀರೋ ಆಗುತ್ತಾನೆ. ಆದರೆ ಮರುದಿನ ರಾತ್ರಿ ಮತ್ತೆ ಅಜ್ಜಿಯ ಪಕ್ಕಕ್ಕೇ ಹೋಗಿ ಮಲಗುತ್ತಾನೆ.

ಇಷ್ಟು ಹೇಳಲು ಬಂತಾ? ಈಗ ಇಂಗ್ಲಿಷ್‌ನಲ್ಲಿ ಚಿಕ್ಕ ಚಿಕ್ಕ ವಾಕ್ಯ ಬರೆಯಿರಿ. 'ಸ್ವಾಮಿ ವಾಸ್ ಅಫ್ರೇಡ್. ಹಿ ಹಿಡ್ ಅಂಡರ್ ದಿ ಬೆಂಚ್. ಹಿ ಬಿಟ್ ದಿ ಥೀಫ್.' ಇವು ಮೂರೂ ಸರಿಯಾದ ವಾಕ್ಯಗಳು, ಇವಕ್ಕೆ ಅಂಕ ಬರುತ್ತದೆ. ಗೈಡಿನ ಉದ್ದ ವಾಕ್ಯ ನೆನಪಿಸಿಕೊಂಡು ಅರ್ಧಕ್ಕೆ ಬಿಡುವುದಕ್ಕಿಂತ ಇದು ಎಷ್ಟೋ ಮೇಲು. ಸ್ವಾಮಿ ನಿಜಕ್ಕೂ ಧೈರ್ಯವಂತನಾ ಅಂತ ಕೇಳಿದರೆ? ಕಥೆ ಗೊತ್ತಿರುವ ಮಗು ಬೆಂಚಿನ ಕೆಳಗೆ ಅಡಗಿದ್ದನ್ನು, ಅಜ್ಜಿಯ ಹತ್ತಿರ ವಾಪಸ್ ಹೋಗಿದ್ದನ್ನು ಕಾರಣವಾಗಿ ಕೊಡುತ್ತದೆ. ಇಂಥ ಪ್ರಶ್ನೆಗೆ ಉರು ಹೊಡೆದವರು ಸಿಕ್ಕಿಬೀಳುತ್ತಾರೆ.

ಎಲ್ಲ ಗದ್ಯಪಾಠಕ್ಕೂ ಹೀಗೇ ಮಾಡಿ. ಪಾಠಕ್ಕೆ ಒಂದು ಪುಟ ಸಾಕು: ಮೇಲೆ ಪಾತ್ರಗಳ ಹೆಸರು, ಅವುಗಳ ಸ್ಪೆಲಿಂಗ್, ಕೆಳಗೆ ನಿಮ್ಮದೇ ವಾಕ್ಯಗಳು.

ಪದ್ಯದಲ್ಲಿ ಯಾರು, ಯಾರಿಗೆ?

ಸಾಲು ಕೊಟ್ಟು ಕೇಳುವ ಪ್ರಶ್ನೆಗಳಲ್ಲಿ ಜಾಸ್ತಿ ಬರುವುದು ಇದೇ. ಪುಸ್ತಕದಲ್ಲೇ ಪೆನ್ಸಿಲ್ ಹಿಡಿದು, ಮಾತು ಯಾರದು ಅಂತ ಸಾಲಿನ ಪಕ್ಕ ಬರೆದುಕೊಳ್ಳಿ. ವಿ. ಕೃ. ಗೋಕಾಕರ 'ದಿ ಸಾಂಗ್ ಆಫ್ ಇಂಡಿಯಾ'ಕ್ಕೆ ಇದು ಬೇಕೇ ಬೇಕು. ಅದರಲ್ಲಿ ಕವಿ ಕೇಳುತ್ತಾನೆ, ಭಾರತಮಾತೆ ಉತ್ತರ ಕೊಡುತ್ತಾಳೆ. ಅವನಿಗೆ ಹಿಮಾಲಯ, ಮೂರು ಸಮುದ್ರಗಳ ಬಗ್ಗೆ ಹಾಡುವ ಆಸೆ. ಅವಳು ಭಿಕ್ಷುಕರ, ಕುಷ್ಠರೋಗಿಗಳ ಬಗ್ಗೆ ಹಾಡು ಅನ್ನುತ್ತಾಳೆ. 1990ರ ಜ್ಞಾನಪೀಠ ಪಡೆದ ನಮ್ಮ ಕನ್ನಡದ ಕವಿಯೇ ಇಂಗ್ಲಿಷ್‌ನಲ್ಲಿ ಬರೆದ ಪದ್ಯ ಇದು. ಹೆದರಬೇಕಾಗಿಲ್ಲ, ಅಲ್ವಾ?

ಮಕ್ಕಳು ಹೆದರುವುದು ಶೇಕ್ಸ್‌ಪಿಯರ್‌ಗೆ. 'ಕ್ವಾಲಿಟಿ ಆಫ್ ಮರ್ಸಿ' ಅವನ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದ ಮಾತು. ಕೊಟ್ಟ ಸಾಲ ವಾಪಸ್ ಬರಲಿಲ್ಲ ಅಂತ ಶೈಲಾಕ್, ಆಂಟೋನಿಯೋನ ಮೈಯಿಂದ ಒಂದು ಪೌಂಡ್ ಮಾಂಸ ಕೇಳುತ್ತಾನೆ. ವಕೀಲನ ವೇಷದಲ್ಲಿ ಕೋರ್ಟಿಗೆ ಬಂದ ಪೋರ್ಷಿಯಾ, ದಯೆ ತೋರಿಸು ಅಂತ ಅವನಿಗೆ ಹೇಳುತ್ತಾಳೆ. ದಯೆ ಆಕಾಶದಿಂದ ಮೆಲ್ಲಗೆ ಬೀಳುವ ಮಳೆಯಂತೆ ಅನ್ನುತ್ತಾಳೆ. ತೊಗರಿ ಬಿತ್ತಲು ಮೋಡ ನೋಡುತ್ತಾ ಕೂರುವ ಮನೆಯ ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾ? ಯಾರೂ ಒತ್ತಾಯ ಮಾಡಿ ಮಳೆ ತರಿಸಲು ಆಗುವುದಿಲ್ಲ. ದಯೆಯೂ ಹಾಗೇ ಅನ್ನುವುದೇ ಮೊದಲ ಸಾಲಿನ ಅರ್ಥ. ಆ ದಯೆ ಕೊಟ್ಟವನಿಗೂ ಪಡೆದವನಿಗೂ ಒಳ್ಳೆಯದು ಮಾಡುತ್ತದೆ ಅನ್ನುವುದು ಮುಂದಿನ ಮಾತು.

ಬಾಯಿಪಾಠದ ಪದ್ಯವನ್ನು ಅರ್ಥ ತಿಳಿದ ಮೇಲೆಯೇ ಕಲಿಯಿರಿ. ದಿನಕ್ಕೆ ಎರಡು ಸಾಲು ಸಾಕು. ಬಾಯಲ್ಲಿ ಬಂದರೆ ಸಾಲದು, ನೋಡದೆ ಬರೆದು ಪುಸ್ತಕದ ಜೊತೆ ಹೋಲಿಸಿ. ತಪ್ಪುವುದು ಹೆಚ್ಚಾಗಿ ಸ್ಪೆಲಿಂಗ್‌ನಲ್ಲಿ.

ಪತ್ರ, ಚಿತ್ರ, ವ್ಯಾಕರಣ

ಪತ್ರದ ಚೌಕಟ್ಟು ಒಮ್ಮೆ ಕೈಗೆ ಕೂತರೆ ಮುಗಿಯಿತು. ಪ್ರಶ್ನೆಯಲ್ಲಿ ಕೊಟ್ಟ ಹೆಸರು, ವಿಳಾಸವನ್ನೇ ಬರೆಯಿರಿ, ನಿಮ್ಮದಲ್ಲ. ಚಿತ್ರ ನೋಡಿ ಬರೆಯುವ ಅಭ್ಯಾಸಕ್ಕೆ ಬೇರೆ ಪುಸ್ತಕ ಬೇಡ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಬಸ್ಸಿಗೆ ಕಾಯುವಾಗ ಕಾಣುವುದನ್ನು 'ದೇರ್ ಈಸ್', 'ಸಮ್ ಪೀಪಲ್ ಆರ್' ಅಂತ ಶುರು ಮಾಡಿ ಮನಸ್ಸಿನಲ್ಲೇ ಹೇಳಿ. ಬೀದರ್‌ನವರಾದರೆ ಬಿದ್ರಿ ಕೆಲಸದ ಬಗ್ಗೆ ಬರೆದು ನೋಡಿ. ಕಪ್ಪು ಲೋಹ, ಅದರ ಮೇಲೆ ಬೆಳ್ಳಿಯ ಕುಸುರಿ, ಬಣ್ಣ ಬರಿಸಲು ಕೋಟೆಯ ಮಣ್ಣು. ಪ್ರಬಂಧಕ್ಕೆ ಇಷ್ಟು ವಿಷಯ ಕಣ್ಣೆದುರೇ ಇದೆ. ವ್ಯಾಕರಣವನ್ನು ಮಾದರಿ ಪ್ರಶ್ನೆಪತ್ರಿಕೆ ಬಿಡಿಸುತ್ತಲೇ ಕಲಿಯಿರಿ. ಅವು ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ವೆಬ್‌ಸೈಟ್‌ನಲ್ಲಿ ಸಿಗುತ್ತವೆ. ಒಂದನ್ನಾದರೂ ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆಯಿರಿ.

ಸಮಯ ಎಲ್ಲಿಂದ ತರುವುದು?

ಇದನ್ನು ತಂದೆ ತಾಯಿಯೂ ಓದಬೇಕು. ತೊಗರಿ ರಾಶಿಯ ಹೊತ್ತಿಗೆ ಮಕ್ಕಳು ಹೊಲಕ್ಕೆ ಹೋಗುತ್ತಾರೆ. ಹೋಳಿ ಹುಣ್ಣಿಮೆಯಾದ ಮೇಲೆ ಶರಣಬಸವೇಶ್ವರರ ಜಾತ್ರೆ. ಅದು ಮುಗಿಯುವಷ್ಟರಲ್ಲಿ ಪರೀಕ್ಷೆ ಬಂದೇ ಬಿಟ್ಟಿರುತ್ತದೆ. ಜಾತ್ರೆಗೆ ಹೋಗಲಿ, ತೇರು ನೋಡಲಿ. ಆದರೆ ಹತ್ತನೇ ತರಗತಿಯ ಮಗುವನ್ನು ಈ ಒಂದು ವರ್ಷ ರಾಶಿಯ ಕೆಲಸಕ್ಕೆ ಕರೆಯಬೇಡಿ, ದಯವಿಟ್ಟು. ಮಾರ್ಚ್‌ನ ನಮ್ಮ ಬಿಸಿಲಲ್ಲಿ ಮಧ್ಯಾಹ್ನದ ಓದು ತಲೆಗೆ ಹೋಗುವುದಿಲ್ಲ. ನಸುಕಿನಲ್ಲಿ ಪದ್ಯ, ಸಂಜೆ ಬರವಣಿಗೆ ಇಟ್ಟುಕೊಳ್ಳಿ.

ಪರೀಕ್ಷೆಯ ದಿನ

ಪ್ರಶ್ನೆಪತ್ರಿಕೆ ಓದಲು 15 ನಿಮಿಷ ಕೊಡುತ್ತಾರೆ. ಆಗ ಪೂರ್ತಿ ಓದಿ, ಚೆನ್ನಾಗಿ ಗೊತ್ತಿರುವ ಪ್ರಶ್ನೆ ಯಾವುದು ಅಂತ ನೋಡಿಕೊಳ್ಳಿ. ಮೊದಲು ಅದನ್ನೇ ಬರೆಯಬಹುದು, ಪ್ರಶ್ನೆಸಂಖ್ಯೆ ಮಾತ್ರ ಸರಿಯಾಗಿ ಹಾಕಿ. ಯಾವುದನ್ನೂ ಖಾಲಿ ಬಿಡಬೇಡಿ. ಸಾಲು ಕೊಟ್ಟು ಕೇಳಿದ ಪ್ರಶ್ನೆಗೆ ಉತ್ತರದ ಅರ್ಧ ಆ ಸಾಲಿನಲ್ಲೇ ಇರುತ್ತದೆ. ಗೊತ್ತಿಲ್ಲದಿದ್ದರೂ ಎರಡು ವಾಕ್ಯ ಬರೆಯಿರಿ.

ಇಷ್ಟಾದ ಮೇಲೂ ಅಂಕ ಕಡಿಮೆ ಬಂದರೆ ಎರಡನೇ ಪರೀಕ್ಷೆ ಇದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಅದನ್ನು ಬರೆಯಬಹುದು, ಜಾಸ್ತಿ ಬಂದ ಅಂಕವೇ ಉಳಿಯುತ್ತದೆ. ಫಲಿತಾಂಶ ಬಂದ ಕೂಡಲೇ ನಿಮ್ಮ ಶಾಲೆಗೆ ಹೋಗಿ ಹೆಸರು ನೋಂದಾಯಿಸಿ, ಪಾಠದ ಆ ಪುಟಗಳನ್ನು ಎತ್ತಿಟ್ಟಿರಿ.