‘ಕಿವಿ ಇನ್ನೊಮ್ಮೆ ತೋರಿಸಬೇಕು’: ಭಾಷಣ ಬಿಟ್ಟು ಸ್ಟಾಂಪ್ ಮಾಡಿಸಿದ ನನ್ನ ಅನುಭವ

ನಾನು ವಾಕ್ ಮತ್ತು ಶ್ರವಣ ತಜ್ಞೆ. ವಿಜಯಪುರದಲ್ಲಿ ಕೆಲವರು ನನ್ನನ್ನು ‘ಮಾತಿನ ಡಾಕ್ಟರ್’ ಅಂತಾರೆ, ಕೆಲವರು ‘ಕಿವಿ ಮಷೀನಿನ ಮೇಡಂ’ ಅಂತಾರೆ. ಮೈಸೂರಿನಲ್ಲಿ ಓದಿದೆ. ಅಲ್ಲಿ 1965ರಲ್ಲೇ ವಾಕ್ ಶ್ರವಣ ಸಂಸ್ಥೆ ಶುರುವಾಗಿದೆ, ಹಾಗಾಗಿ ಅಲ್ಲಿನ ಜನಕ್ಕೆ ನಮ್ಮ ಕೆಲಸ ಏನು ಅಂತ ಅಷ್ಟಿಷ್ಟು ಗೊತ್ತು. ಊರಿಗೆ ವಾಪಸ್ ಬಂದಾಗ ಹಾಗಿರಲಿಲ್ಲ. ನಮ್ಮ ಕಡೆಯ ತಾಯಂದಿರು ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ, ರಾತ್ರಿಯಿಡೀ ಕೂತು ಮೈಸೂರಿಗೆ ಹೋಗಿ ಬರುತ್ತಿದ್ದರು. ಒಂದು ಸಲ ಹೋದವರು ಎರಡನೇ ಸಲ ಹೋಗುವುದು ಕಷ್ಟ. ಅದಕ್ಕೇ ನಾನು ಇಲ್ಲಿಗೆ ಬಂದದ್ದು.

ಮುಂದಾಳತ್ವದ ಬಗ್ಗೆ, ನಮ್ಮ ವೃತ್ತಿಯ ಪರವಾಗಿ ದನಿ ಎತ್ತುವುದರ ಬಗ್ಗೆ ಬರೆಯಿರಿ ಅಂತ ಕಿರಿಯರು ಕೇಳುತ್ತಿರುತ್ತಾರೆ. ನನಗೆ ಗೊತ್ತಿರುವುದು ನಾನು ಮಾಡಿದ್ದಷ್ಟೇ. ಅದನ್ನೇ ಹೇಳುತ್ತೇನೆ.

ಇಂಡಿ ಕಡೆಯ ಒಂದು ತಾಂಡಾದಿಂದ ಒಬ್ಬ ಹುಡುಗ ಬಂದ. ವಯಸ್ಸು ನಾಲ್ಕು ವರ್ಷ ಎಂಟು ತಿಂಗಳು. ಒಂದೂ ಮಾತಿಲ್ಲ. ಎಲ್ಲರೂ ಹೇಳುವ ಮಾತನ್ನೇ ಆ ತಾಯಿಗೂ ಹೇಳಿದ್ದರು, ‘ಅವರಪ್ಪನೂ ತಡಾ ಮಾಡೇ ಮಾತಾಡಿದ್ದ, ಬರ್ತಾವ ತಗೋರಿ.’ ಬೇರಾ ಪರೀಕ್ಷೆ ಮಾಡಿದೆ. ಕಿವಿಯಲ್ಲಿ ಸದ್ದು ಕೊಟ್ಟು, ತಲೆಗೆ ಅಂಟಿಸಿದ ತಂತಿಗಳ ಮೂಲಕ ಶ್ರವಣ ನರ ಏನು ಹೇಳುತ್ತದೆ ಅಂತ ನೋಡುವ ಪರೀಕ್ಷೆ ಅದು. ಎರಡೂ ಕಿವಿಯಲ್ಲಿ ತೀವ್ರ ಕಿವುಡು. ತಾಯಿಗೆ ಹೇಳಿದೆ. ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಕೇಳಿದಳು: ‘ಹುಟ್ಟಿದ ದವಾಖಾನ್ಯಾಗ ಇಷ್ಟೆಲ್ಲ ಸೂಜಿ ಹಾಕಿದ್ರಿ, ತೂಕ ಮಾಡಿದ್ರಿ. ಕಿವಿ ಯಾಕ ನೋಡಲಿಲ್ರೀ?’

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಟ್ಟು ಕಿವುಡಿನ ಮಗುವಿಗೆ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಶ್ರವಣ ಸಾಧನ, ಸಿಗಬೇಕಾದರೆ ಐದು ವರ್ಷದೊಳಗೆ ಆಗಬೇಕು. ನಮ್ಮ ಕೈಯಲ್ಲಿ ಇದ್ದದ್ದು ನಾಲ್ಕು ತಿಂಗಳು. ಆದಾಯ ಪ್ರಮಾಣಪತ್ರ, ಅಂಗವೈಕಲ್ಯದ ಕಾರ್ಡ್, ಸ್ಕ್ಯಾನ್, ಲಸಿಕೆ ಅಂತ ಓಡಾಡುವುದರಲ್ಲೇ ದಿನ ಕಳೆದವು. ಆಗಲಿಲ್ಲ. ಅವನಿಗೆ ಜೋರು ಶಕ್ತಿಯ ಶ್ರವಣ ಸಾಧನ ಹಾಕಿದೆವು, ಸನ್ನೆ ಭಾಷೆಯನ್ನೂ ಶುರು ಮಾಡಿದೆವು, ಶಾಲೆಗೂ ಸೇರಿಸಿದೆವು. ಆದರೆ ಆ ತಾಯಿಯ ಪ್ರಶ್ನೆ ಮಾತ್ರ ನನ್ನ ಟೇಬಲ್ ಮೇಲೇ ಉಳಿಯಿತು.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಇನ್ನೂರು ಪುಟದ ಸಾದಾ ನೋಟ್‌ಬುಕ್. ಪ್ರತಿ ಮಗುವಿಗೂ ಮೂರು ಗೆರೆ. ಮನೆಯಲ್ಲಿ ಮೊದಲು ಅನುಮಾನ ಬಂದದ್ದು ಯಾರಿಗೆ? ಆಗ ಮಗುವಿನ ವಯಸ್ಸೆಷ್ಟು? ನನ್ನ ಹತ್ತಿರ ಬಂದಾಗ ಎಷ್ಟು? ಬರೆಯುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಮೊದಲು ಗೊತ್ತಾಗುವುದು ಬಹಳ ಮನೆಗಳಲ್ಲಿ ಅಜ್ಜಿಗೆ. ‘ಬೋಗುಣಿ ಕೆಳಗ ಬಿದ್ರೂ ಕೂಸು ಬೆಚ್ಚಲಿಲ್ರಿ’ ಅಂತ ಅಜ್ಜಿ ಹೇಳಿರುತ್ತಾಳೆ. ಆಗ ಕೂಸಿಗೆ ಐದೋ ಆರೋ ತಿಂಗಳು. ಅಲ್ಲಿಂದ ನನ್ನ ಕೋಣೆಗೆ ಬರುವಷ್ಟರಲ್ಲಿ ವರ್ಷಗಟ್ಟಲೆ ಹೋಗಿರುತ್ತದೆ. ಅಂದರೆ ಜನಕ್ಕೆ ಗೊತ್ತಾಗುತ್ತಿಲ್ಲ ಅನ್ನುವುದು ಸುಳ್ಳು. ಗೊತ್ತಾಗಿರುತ್ತದೆ. ಎಲ್ಲಿಗೆ ಹೋಗಬೇಕು ಅಂತ ಹೇಳುವವರು ಇರಲಿಲ್ಲ, ಅಷ್ಟೇ.

ಇದನ್ನು ಹಿಡಿದುಕೊಂಡು ಒಂದು ದೊಡ್ಡ ಆಸ್ಪತ್ರೆಗೆ ಹೋದೆ. ಮೊದಲ ಸಲ ನಾನೇ ತಪ್ಪು ಮಾಡಿದೆ. ಇಂಗ್ಲಿಷಿನಲ್ಲಿ ಸ್ಲೈಡ್ ಮಾಡಿಕೊಂಡು ಹೋಗಿದ್ದೆ. 2007ರಲ್ಲಿ ಶುರುವಾದ ರಾಷ್ಟ್ರೀಯ ಕಿವುಡುತನ ನಿಯಂತ್ರಣ ಕಾರ್ಯಕ್ರಮ, 2013ರ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಎಲ್ಲ ಹೇಳಿದೆ. ಎಲ್ಲ ನಿಜವೇ. ಕೊನೆಗೆ ‘ನಮ್ಮ ಸೇವೆಗೆ ನಿಮ್ಮ ಸಹಕಾರ ಬೇಕು’ ಅಂದೆ. ‘ಒಳ್ಳೆ ವಿಷಯ ಮೇಡಂ’ ಅಂದರು. ಚಹಾ ಕುಡಿದೆವು. ಅಲ್ಲಿಗೆ ಮುಗೀತು.

ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು. ಸಹಕಾರ ಅಂದರೆ ಏನು? ಅವರು ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು? ನಾನು ಹೇಳಿರಲೇ ಇಲ್ಲ. ಮುಂದಿನ ತಿಂಗಳು ಮತ್ತೆ ಹೋದೆ, ಈ ಸಲ ಕನ್ನಡದಲ್ಲಿ, ಒಂದೇ ಹಾಳೆ ಹಿಡಿದುಕೊಂಡು. ಮೇಲೆ ಆ ಹುಡುಗನ ಮೂರು ಗೆರೆ, ಹೆಸರಿಲ್ಲದೆ. ಕೆಳಗೆ ಬೇಡಿಕೆ: ಬಾಣಂತಿಯರ ವಾರ್ಡಿನ ಹತ್ತಿರ ಬಾಗಿಲು ಮುಚ್ಚಲು ಬರುವ ಒಂದು ಕೋಣೆ, ವಾರಕ್ಕೆ ಎರಡು ಬೆಳಿಗ್ಗೆ, ಡಿಸ್ಚಾರ್ಜ್ ಕಾರ್ಡಿನಲ್ಲಿ ಒಂದು ಸಾಲು. ಮಷೀನ್ ನಾನೇ ತರುತ್ತೇನೆ ಅಂದೆ. ಹತ್ತು ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು. ಕಿರಿಯರಿಗೆ ನಾನು ಪದೇ ಪದೇ ಹೇಳುವುದು ಇದನ್ನೇ. ಎದುರಿಗಿರುವವರು ‘ಹೂಂ’ ಅಂದ ಮೇಲೆ ಏನು ಮಾಡಬೇಕು ಅನ್ನುವುದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಇನ್ನೂ ಕೇಳಲು ಹೋಗಬೇಡಿ.

ಒಪ್ಪಿಗೆ ಸಿಕ್ಕಿದ ಮೇಲೆ ನಿಜವಾದ ಕೆಲಸ ಶುರುವಾಯಿತು. ನವಜಾತ ಶಿಶುವಿಗೆ ಮಾಡುವುದು ಓಎಇ ಅನ್ನುವ ಪರೀಕ್ಷೆ. ಕಿವಿಯೊಳಗೆ ಮೆತ್ತನೆ ರಬ್ಬರಿನ ತುದಿ ಇಟ್ಟು ಸಣ್ಣ ಸದ್ದು ಕಳಿಸುತ್ತೇವೆ. ಒಳಕಿವಿ ಚೆನ್ನಾಗಿದ್ದರೆ ಅದು ತಾನೇ ಒಂದು ಸಣ್ಣ ಸದ್ದನ್ನು ವಾಪಸ್ ಕಳಿಸುತ್ತದೆ. ಅದನ್ನು ಮಷೀನ್ ಹಿಡಿಯುತ್ತದೆ. ನೋವಿಲ್ಲ, ಸೂಜಿಯಿಲ್ಲ, ಕೆಲವೇ ನಿಮಿಷದ ಕೆಲಸ. ಆದರೆ ಕೂಸು ಮಲಗಿರಬೇಕು, ಸುತ್ತ ಗದ್ದಲ ಇರಬಾರದು. ನಮ್ಮ ಕಡೆ ಬಾಣಂತಿ ವಾರ್ಡು ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ? ತವರಿನವರು, ಗಂಡನ ಮನೆಯವರು, ಬುತ್ತಿ ಗಂಟು, ಫೋನು, ಗಿರಗಿರ ಅನ್ನುವ ಫ್ಯಾನು. ಮೊದಲ ವಾರ ಬಹಳ ಕೂಸುಗಳಿಗೆ ‘ರೆಫರ್’ ಅಂತಲೇ ಬಂತು. ರೆಫರ್ ಅಂದರೆ ಕಿವುಡು ಅಂತಲ್ಲ, ಇನ್ನೊಮ್ಮೆ ನೋಡಬೇಕು ಅಂತ. ಹುಟ್ಟಿದ ಮೊದಲ ದಿನ ಕಿವಿಯ ಕೊಳವೆಯಲ್ಲಿ ನೀರು, ಬಿಳಿ ಪೊರೆಯಂಥದ್ದು ಇರುತ್ತದೆ, ಅದರಿಂದಲೂ ಹಾಗೆ ಬರುತ್ತದೆ. ಆದರೆ ತಾಯಿಯ ಎದೆ ಒಡೆಯಲು ಅಷ್ಟು ಸಾಕು.

ಇದನ್ನು ಸರಿ ಮಾಡಿದ್ದು ನಾನಲ್ಲ, ವಾರ್ಡಿನ ಹಿರಿಯ ಸಿಸ್ಟರ್. ಮೂರನೇ ದಿನ ಬಂದು, ‘ಮೇಡಂ, ನೀವು ಒಂಬತ್ತಕ್ಕ ಬರ್ತೀರಿ. ಆಗ ಎಲ್ಲಾ ಕೂಸೂ ಹಸದಿರ್ತಾವ. ಹಾಲು ಕುಡಿಸಿ ನಾನು ಒಂದೊಂದ ಕಳಸ್ತೀನಿ, ಹನ್ನೊಂದಕ್ಕ ಬರ್ರಿ’ ಅಂದರು. ಹಾಗೇ ಮಾಡಿದೆವು. ಹುಟ್ಟಿ ಒಂದು ದಿನ ಕಳೆದ ಮೇಲೆ, ಹೊಟ್ಟೆ ತುಂಬಿ ನಿದ್ದೆ ಹೋದ ಕೂಸನ್ನು ಮಾತ್ರ ಒಳಗೆ ತರುವುದು. ರೆಫರ್ ಬರುವುದು ಎಷ್ಟೋ ಕಡಿಮೆಯಾಯಿತು. ಮತ್ತೊಂದು ನಿಯಮವನ್ನೂ ಗಟ್ಟಿಯಾಗಿ ಹಿಡಿದೆ. ಐದು ದಿನಕ್ಕಿಂತ ಜಾಸ್ತಿ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದ ಕೂಸು, ಕಾಮಾಲೆ ಬಹಳ ಏರಿದ ಕೂಸು ಇವಕ್ಕೆ ಓಎಇ ಪಾಸಾದರೂ ಸಾಲದು, ಬೇರಾ ಕೂಡ ಬೇಕು. ಒಳಕಿವಿ ಚೆನ್ನಾಗಿದ್ದು ನರದಲ್ಲಿ ತೊಂದರೆ ಇದ್ದರೆ ಓಎಇ ಅದನ್ನು ಹಿಡಿಯುವುದಿಲ್ಲ.

ಇನ್ನು ಆ ಸ್ಟಾಂಪು. ಡಿಸ್ಚಾರ್ಜ್ ಕಾರ್ಡನ್ನು ಹೊಸದಾಗಿ ಅಚ್ಚು ಹಾಕಿಸುವುದು ಸುಲಭವಲ್ಲ, ಮೇಲಿನಿಂದ ಅನುಮತಿ ಬರಬೇಕು. ಸರಿ ಅಂತ ಗಾಂಧಿ ಚೌಕಿನ ಕಡೆ ಹೋಗಿ ರಬ್ಬರ್ ಸ್ಟಾಂಪ್ ಮಾಡಿಸಿದೆ. ಅದರಲ್ಲಿ ‘ಶ್ರವಣ ಮರುಪರೀಕ್ಷೆ ಅಗತ್ಯ’ ಅಂತ ಬರೆಸಿದ್ದೆ. ಒಬ್ಬ ಅಜ್ಜ ಅದನ್ನು ಮೊಮ್ಮಗನ ಕೈಯಲ್ಲಿ ಓದಿಸಿ, ‘ಪರೀಕ್ಷಾ ಯಾರಿಗ್ರಿ? ನಮ್ಮ ಹುಡುಗಿಗೇನು?’ ಅಂತ ಕೇಳಿದ. ಬಾಣಂತಿ ಕಾಲೇಜು ಓದುತ್ತಿದ್ದಳು. ಅವನು ಕೇಳಿದ್ದರಲ್ಲಿ ತಪ್ಪೇನಿದೆ? ನಾನು ಬರೆದದ್ದು ನಮ್ಮ ಪುಸ್ತಕದ ಮಾತು, ಅವರ ಮನೆಯ ಮಾತಲ್ಲ. ಎರಡನೇ ಸ್ಟಾಂಪಿನಲ್ಲಿ ‘ಕೂಸಿನ ಕಿವಿ ಇನ್ನೊಮ್ಮೆ ತೋರಿಸಬೇಕು. ತಾರೀಖು:’ ಅಂತ ಬರೆಸಿ, ಮುಂದೆ ಜಾಗ ಬಿಟ್ಟೆ. ತಾರೀಖನ್ನು ಸಿಸ್ಟರ್ ಪೆನ್ನಿನಲ್ಲಿ ಬರೆಯುತ್ತಾರೆ. ತಾರೀಖು ಇದ್ದರೆ ಜನ ಬರುತ್ತಾರೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ತೊಂದರೆ ಇದೆಯೋ ಇಲ್ಲವೋ ಅಂತ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಅಂತ ಜಗತ್ತಿನ ತುಂಬ ಹೇಳುವ ಲೆಕ್ಕ ನಮ್ಮ ವಾರ್ಡಿಗೆ ಇಳಿದದ್ದು ಈ ಒಂದು ಸಾಲಿನಿಂದ.

ಭಾಷೆಯ ಮಾತು ಬಂತು, ಅದಕ್ಕೇ ಇನ್ನೊಂದು ಹೇಳಿಬಿಡುತ್ತೇನೆ. ನಮ್ಮಲ್ಲಿ ಕಲಿಯಲು ಬಂದಿದ್ದ ವಿದ್ಯಾರ್ಥಿನಿ ಒಬ್ಬಳು ಐದು ವರ್ಷದ ಹುಡುಗಿಯ ಉಚ್ಚಾರ ಪರೀಕ್ಷೆ ಮಾಡಿದಳು. ಹುಡುಗಿ ಚಿತ್ರ ನೋಡಿ ‘ಮನಿ’, ‘ಎಲಿ’, ‘ತಲಿ’, ‘ಹಾಲ’ ಅಂದಳು. ವಿದ್ಯಾರ್ಥಿನಿ ನಾಲ್ಕಕ್ಕೂ ಕೆಂಪು ಗುರುತು ಹಾಕಿ, ಕೊನೆಯ ಸ್ವರದಲ್ಲಿ ದೋಷ ಅಂತ ಬರೆದಳು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಹುಡುಗಿ ತನ್ನ ಅವ್ವ ಆಡುವ ಕನ್ನಡವನ್ನು ಸರಿಯಾಗಿ ಆಡಿದ್ದಾಳೆ. ಅವಳಿಗೆ ನಿಜವಾಗಿ ಇದ್ದ ತೊಂದರೆ ‘ರ’ ಬದಲು ‘ಲ’ ಬರುವುದು. ಅದು ಆ ಕೆಂಪು ಗುರುತುಗಳ ನಡುವೆ ಮುಚ್ಚಿಹೋಗಿತ್ತು. ಇಂಥ ವರದಿ ಶಾಲೆಗೆ ಹೋದರೆ ಮಗುವಿನ ಜೊತೆ ಅವರ ಮನೆಯ ಮಾತಿಗೂ ರೋಗ ಅಂತ ಹೆಸರು ಕೊಟ್ಟಂತೆ. ಅವತ್ತೇ ಕೂತು ನಮ್ಮ ಕಡೆಯ ಪದಗಳ ಪಟ್ಟಿ ಮಾಡಿ, ಯಾವುದು ನಮ್ಮ ಸೀಮೆಯ ನುಡಿ, ಯಾವುದು ತಪ್ಪು ಅಂತ ಪಕ್ಕದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಲಂಬಾಣಿ, ಉರ್ದು, ಮರಾಠಿ ಮನೆಗಳಿಗೆ ‘ಬರೀ ಕನ್ನಡ ಮಾತಾಡಿ, ಇಲ್ಲಾಂದ್ರೆ ಕೂಸಿಗೆ ಗೊಂದಲ’ ಅಂತ ಯಾರಾದರೂ ಹೇಳಿದರೆ ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ತಾಯಿ ತನಗೆ ಬಾರದ ಭಾಷೆಯಲ್ಲಿ ಮಗುವಿನ ಜೊತೆ ಮಾತೇ ಆಡದಿದ್ದರೆ ಅದು ನಷ್ಟ.

ನಮ್ಮ ಕಡೆಯ ದೊಡ್ಡ ಸಮಸ್ಯೆ ಗುಳೆ. ದೀಪಾವಳಿ ಆಸುಪಾಸು ತಾಂಡಾಗಳಿಂದ ಕಬ್ಬು ಕಡಿಯಲು ಹೋದವರು ಯುಗಾದಿ ಹೊತ್ತಿಗೆ ವಾಪಸ್ ಬರುತ್ತಾರೆ. ಮಕ್ಕಳೂ ಜೊತೆಗೆ. ಅಷ್ಟು ತಿಂಗಳು ಥೆರಪಿ ಇಲ್ಲ. ಶ್ರವಣ ಸಾಧನದ ಸಣ್ಣ ಬ್ಯಾಟರಿ ಒಂದೆರಡು ವಾರಕ್ಕೆ ಮುಗಿಯುತ್ತದೆ, ಗುಡಿಸಲ ಹತ್ತಿರ ಅದು ಸಿಗುವುದಿಲ್ಲ. ಬೆವರು, ಧೂಳು ಸೇರಿ ಮಷೀನ್ ಕೆಡುತ್ತದೆ. ಕೂಸು ಬೆಳೆದಂತೆ, ಮಷೀನನ್ನು ಕಿವಿಯಲ್ಲಿ ಕೂರಿಸಲು ಅಳತೆ ತೆಗೆದು ಮಾಡಿದ ಕಿವಿಯ ಅಚ್ಚು ಸಡಿಲವಾಗಿ ಕುಂಯ್ ಅಂತ ಸೀಟಿ ಹೊಡೆಯುತ್ತದೆ, ಆಗ ತಾಯಿ ಅದನ್ನು ತೆಗೆದು ಗಂಟಿನಲ್ಲಿ ಕಟ್ಟಿಡುತ್ತಾಳೆ.

ಇದನ್ನು ಜಿಲ್ಲಾ ಮಟ್ಟದ ಒಂದು ಸಭೆಯಲ್ಲಿ ಹೇಳಬೇಕಿತ್ತು. ಈ ಸಲ ನಾನು ಮಾತಾಡುವುದಿಲ್ಲ ಅಂತ ತೀರ್ಮಾನ ಮಾಡಿದೆ. ಹಿಂದಿನ ಸಾಲಿನಲ್ಲಿ ಕೂತೆ. ನಾಲ್ಕು ಜನ ತಾಯಂದಿರು ಮುಂದೆ ಹೋದರು. ಅದರಲ್ಲಿ ಆ ಮೊದಲ ಹುಡುಗನ ತಾಯಿಯೂ ಇದ್ದಳು. ಹಿಂದಿನ ದಿನ ನನ್ನ ಕೋಣೆಯಲ್ಲಿ ಎರಡು ಸಲ ಹೇಳಿ ನೋಡಿದ್ದೆವು. ಏನು ಹೇಳಬೇಕು ಅಂತ ನಾನು ಬರೆದುಕೊಡಲಿಲ್ಲ, ಏನು ಕೇಳಬೇಕು ಅಂತ ಮಾತ್ರ ಕೂಡಿ ಗೊತ್ತು ಮಾಡಿಕೊಂಡೆವು. ಅವಳು ಸೆರಗಿನ ಗಂಟು ಬಿಚ್ಚಿ ಮಗನ ಹಳೆಯ ಅಚ್ಚು, ಸತ್ತ ಬ್ಯಾಟರಿಗಳನ್ನು ಮೇಜಿನ ಮೇಲೆ ಸುರಿದಳು. ‘ನಾವು ಹೋಗೂದು ಬಿಡಾಕ ಆಗೂದಿಲ್ರಿ. ಹೋಗೂಮುಂದ ಐದು ತಿಂಗಳಿನ ಸೆಲ್ ಕೊಡ್ರಿ. ಅಚ್ಚು ಹೊಸಾದು ಮಾಡಿಕೊಡ್ರಿ’ ಅಂದಳು. ಸಭೆಯಲ್ಲಿ ಯಾರೂ ‘ಒಳ್ಳೆ ವಿಷಯ’ ಅನ್ನಲಿಲ್ಲ. ಎಷ್ಟು ಸೆಲ್ ಬೇಕು ಅಂತ ಲೆಕ್ಕ ಕೇಳಿದರು. ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿತ್ತು, ಕೊಟ್ಟೆ. ಈಗ ದಸರಾ ಮುಗಿದ ತಕ್ಷಣ ನಮ್ಮಲ್ಲಿ ಅಚ್ಚಿನ ಕೆಲಸ ಶುರುವಾಗುತ್ತದೆ, ಬ್ಯಾಟರಿಯ ಸ್ಟಿಕರ್ ಮೊದಲೇ ಕೀಳಬೇಡಿ, ಕಿತ್ತರೆ ಬಳಸದಿದ್ದರೂ ಮುಗಿದುಹೋಗುತ್ತದೆ ಅಂತ ತಾಯಂದಿರೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ.

ಅದೇ ಸಭೆಯ ಆಚೆ ಒಬ್ಬ ಅತ್ತೆ ಸೊಸೆಗೆ ‘ನಿನ್ನ ಹೊಟ್ಟೀದ ದೋಷ’ ಅನ್ನುತ್ತಿದ್ದಳು. ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವುದು ಇನ್ನೂ ಇದೆ. ಹುಟ್ಟು ಕಿವುಡಿನ ಬಹಳಷ್ಟು ವಂಶವಾಹಿಗಳು ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ತೊಂದರೆ ಕೊಡುತ್ತವೆ. ಇದನ್ನು ಗಂಡನ ಎದುರಿಗೇ, ಅತ್ತೆಯ ಎದುರಿಗೇ ಹೇಳುತ್ತೇನೆ. ಅಷ್ಟು ಹೇಳದೆ ಆ ಮನೆಯವರನ್ನು ಕಳಿಸುವುದಿಲ್ಲ.

ನಮ್ಮವರ ಸ್ಥಾನಮಾನದ ಬಗ್ಗೆಯೂ ಕೇಳುತ್ತಾರೆ. 1992ರ ಪುನರ್ವಸತಿ ಪರಿಷತ್ ಕಾಯ್ದೆ ಇದೆ, ಅದರಡಿ ನೋಂದಣಿ ಇಲ್ಲದವರ ಹತ್ತಿರ ಹೋಗಬೇಡಿ ಅಂತ ಪೋಷಕರಿಗೆ ಹೇಳಿ. ನನ್ನ ಕೋಣೆಗೆ ಬಹಳ ದಿನ ಬೋರ್ಡೇ ಇರಲಿಲ್ಲ. ಬೋರ್ಡ್ ಹಾಕಿಸಿ, ಕನ್ನಡದಲ್ಲಿ ಹಾಕಿಸಿ, ಬಾಣ ತೋರಿಸಿ.

ಹೋದ ಸಂಕ್ರಾಂತಿಗೆ, ಸಿದ್ಧೇಶ್ವರ ಜಾತ್ರೆ ಅಂತ ನಾನು ಮೂರು ದಿನ ವಾರ್ಡಿಗೆ ಹೋಗಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಸಿಸ್ಟರ್ ಫೋನ್ ಬಂತು. ಏನಾಯಿತೋ ಅಂತ ಗಾಬರಿಯಾಯಿತು. ‘ಮೇಡಂ, ಸ್ಟಾಂಪ್ ಪ್ಯಾಡ್ ಒಣಗೇತ್ರಿ. ಬರೂಮುಂದ ಶಾಯಿ ತರ್ರಿ. ಎರಡು ಕೂಸಿನ ಕಾರ್ಡ್ ಹಂಗ ಇಟ್ಕೊಂಡೀನಿ, ಸಿಕ್ಕಾ ಬೀಳೂಮಟಾ ಮನಿಗೆ ಬಿಡೂದಿಲ್ಲ’ ಅಂದರು. ನೀಲಿ ಶಾಯಿ ಎರಡು ಬಾಟಲಿ ತೆಗೆದುಕೊಂಡು ಹೋದೆ.